ಸುತ್ತಿಗೆ ಏಟು ನೆಲದೊಳಗೆ ಮೊಂಡಾಗುವುದು ಯಾಕೆ?

ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ತೋಟ. ಬೋರ್ ಕೊರೆಸುವ ಮೊದಲು ಗಟ್ಟಿ ಬಂಡೆ ಎಷ್ಟು ಆಳದಲ್ಲಿದೆ ಅಂತ ನೋಡಲು ಹೋಗಿದ್ದೆವು. ನೆಲದ ಮೇಲೆ ಕಬ್ಬಿಣದ ಪ್ಲೇಟು, ಅದರ ಮೇಲೆ ದೊಡ್ಡ ಸುತ್ತಿಗೆ ಏಟು. ಮೂರು ಮೀಟರಿಗೆ ಒಂದರಂತೆ, ನೆಲದ ನಡುಕ ಹಿಡಿಯುವ 24 ಜಿಯೋಫೋನ್ ಚುಚ್ಚಿದ್ದೆವು. ಪರದೆಯಲ್ಲಿ ಹತ್ತಿರದ ಜಿಯೋಫೋನಿನ ಗೆರೆ ಸೂಜಿಮೊನೆ ಹಾಗೆ ಎದ್ದಿತ್ತು. ಕೊನೆಯದು ಸವೆದ ಕತ್ತಿಯಂತೆ ಮೊಂಡು.

"ಇನ್ನೂ ಜೋರಾಗಿ ಹೊಡೆಸ್ಲಾ ಸಾರ್?" ಅಂದರು ತೋಟದ ಯಜಮಾನರು.

ಜೋರಾಗಿ ಹೊಡೆದರೆ ಗೆರೆ ದೊಡ್ಡದಾಗುತ್ತದೆ, ಚೂಪಾಗುವುದಿಲ್ಲ. ಗೆರೆಗೆ ಮೊನೆ ಕೊಡುವುದು ವೇಗವಾಗಿ ನಡುಗುವ ಅಲೆಗಳು. ನೆಲ ಮೊದಲು ನುಂಗುವುದೂ ಅವನ್ನೇ. ಕಣಕ್ಕೆ ಕಣ ಉಜ್ಜಿ, ಸಂದಿಯ ನೀರು ಅಲುಗಾಡಿ, ಪ್ರತಿ ಕಂಪನದಲ್ಲೂ ಒಂದಿಷ್ಟು ಶಕ್ತಿ ಶಾಖವಾಗಿ ಹೋಗುತ್ತದೆ. ಸಡಿಲ ಮಣ್ಣಿನಲ್ಲಿ ಒಂದು ಕಂಪನಕ್ಕೆ ಅಲೆಯ ಎತ್ತರ ಶೇ 15ರಷ್ಟು ಇಳಿಯುತ್ತದೆ ಅಂತ ಇಟ್ಟುಕೊಳ್ಳಿ. ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ 10 ಹರ್ಟ್ಸ್ ಅಲೆ, ಅಂದರೆ ಸೆಕೆಂಡಿಗೆ ಹತ್ತು ಸಲ ನಡುಗುವ ಅಲೆ, ಒಂದೇ ಸಲ ಕಂಪಿಸುತ್ತದೆ, ಶೇ 85 ಉಳಿಯುತ್ತದೆ. ಅಷ್ಟೇ ಹೊತ್ತಿನಲ್ಲಿ 100 ಹರ್ಟ್ಸ್ ಅಲೆ ಹತ್ತು ಸಲ ಕಂಪಿಸುತ್ತದೆ. ಅದರಲ್ಲಿ ಉಳಿಯುವುದು ಶೇ 20ರಷ್ಟು ಮಾತ್ರ! ಬಿರುಕಿಲ್ಲದ ಗಟ್ಟಿ ಬಂಡೆಯಲ್ಲಿ ಈ ನಷ್ಟ ತುಂಬಾ ಕಡಿಮೆ.

ನಮ್ಮ ಮಲೆನಾಡಿನಲ್ಲಿ ಇನ್ನೊಂದು ತೊಂದರೆ ಇದೆ. ಮೇಲೆ ಜಂಬಿಟ್ಟಿಗೆ ಅನ್ನುವ ಕೆಂಪು ಕಲ್ಲು, ಕೆಳಗೆ ಶೇಡಿ ಅನ್ನುವ ಜೇಡಿ ಮಣ್ಣು, ಆಮೇಲೆ ಕೊಳೆತ ಕಲ್ಲು, ಅದರಡಿ ಬಂಡೆ. ಬಾವಿ ತೋಡುವವರಿಗೆ ಇದೆಲ್ಲ ಗೊತ್ತೇ ಇದೆ, ಅಲ್ವಾ? ಪದರ ಬದಲಾದ ಕಡೆಯೆಲ್ಲ ಅಲೆಯ ಒಂದು ಪಾಲು ವಾಪಸ್ ತಿರುಗುತ್ತದೆ. ತೆಳು ಪದರಗಳ ನಡುವೆ ಹಿಂದೆ ಮುಂದೆ ಪುಟಿದು ತಡವಾಗಿ ಬಂದದ್ದು ಮುಖ್ಯ ಅಲೆಯ ಬಾಲಕ್ಕೆ ಅಂಟಿಕೊಳ್ಳುತ್ತದೆ. ಶಾಖವಾಗಿ ಏನೂ ಹೋಗದಿದ್ದರೂ ಗೆರೆ ಅಗಲವಾಗುತ್ತದೆ.

ಮೊಂಡು ಅಲೆಗೆ ಸಣ್ಣದು ಕಾಣುವುದಿಲ್ಲ. ಕೊಳೆತ ಕಲ್ಲಿನಲ್ಲಿ ಅಲೆ ಸೆಕೆಂಡಿಗೆ 1,500 ಮೀಟರ್ ಹೋದರೆ, 100 ಹರ್ಟ್ಸಿನಲ್ಲಿ ಸುಮಾರು 4 ಮೀಟರ್ ದಪ್ಪದ ಪದರ ಬಿಡಿಯಾಗಿ ಕಾಣುತ್ತದೆ. 30 ಹರ್ಟ್ಸಿಗೆ ಇಳಿದರೆ 12 ಮೀಟರ್ ಬೇಕು. ಕಂಪ್ಯೂಟರಿನಲ್ಲಿ ಸುಮ್ನೆ ಚೂಪು ಮಾಡಲು ಹೋದರೆ ಗಾಳಿಗೆ ಅಡಿಕೆ ಮರ ತೂಗಿದ ಸದ್ದೂ ಪದರದಂತೆ ಏಳುತ್ತದೆ. ಅಂಥ ನಕ್ಷೆ ನಂಬಿ ಬೋರ್ ಕೊರೆಸಿ ಸಾಲ ಮಾಡಿಕೊಂಡವರನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ.

ಅವತ್ತು ಜೋರಾಗಿ ಹೊಡೆಸಲಿಲ್ಲ. ಸೋಗೆ, ದರಗು ಸರಿಸಿ, ಒಂದು ಗೇಣು ಅಗೆದು, ಪ್ಲೇಟನ್ನೂ ಜಿಯೋಫೋನುಗಳನ್ನೂ ಜಂಬಿಟ್ಟಿಗೆ ಮೇಲೇ ಕೂರಿಸಿದೆವು. ಹತ್ತು ಏಟು ಹೊಡೆದು, ಗಾಳಿಯ ಸದ್ದು ತಗ್ಗಲಿ ಅಂತ ಹತ್ತರ ಗೆರೆಗಳನ್ನೂ ಒಂದಕ್ಕೊಂದು ಕೂಡಿಸಿದೆವು. ಕೊನೆಯ ಗೆರೆಗೆ ಒಂಚೂರು ಮೊನೆ ಬಂತು. ಬಂಡೆಯ ಆಳ ಅಂದಾಜಿಗೆ ಸಿಕ್ಕಿತು. ಅದರೊಳಗಿನ ಬಿರುಕು ಮಾತ್ರ ಕಾಣಲಿಲ್ಲ. ಯಜಮಾನರಿಗೆ ಅದನ್ನೂ ಹೇಳಿಯೇ ಹೊರಟೆವು.