ಗುಲಗಂಜಿ ಹುಳುವಿನ ಕೋಶದಿಂದ ಬಂದ ನೊಣ ಯಾವುದು?

ಪ್ರಶ್ನೆ: ಗುಲಗಂಜಿ ಹುಳುವಿನ ಕೋಶಗಳನ್ನು (ಮರಿಹುಳು ಬೆಳೆದ ಹುಳುವಾಗುವ ಮೊದಲಿನ ಹಂತ, ಪ್ಯೂಪಾ) ಡಬ್ಬಿಯಲ್ಲಿ ಇಟ್ಟಿದ್ದೆ. ಹುಳುವಿನ ಬದಲು ಪುಟ್ಟ ನೊಣಗಳು ಬಂದಿವೆ. ಇವನ್ನು ಗುರುತಿಸುವುದು ಹೇಗೆ?

ಉತ್ತರ: ಮೊದಲು ರೆಕ್ಕೆ ಎಣಿಸಿ. ನೊಣಕ್ಕೆ ಎರಡೇ ರೆಕ್ಕೆ. ಹಿಂದಿನ ಜೋಡಿ ಇರಬೇಕಾದ ಕಡೆ ಗುಂಡುತಲೆಯ ಎರಡು ಸಣ್ಣ ಕಡ್ಡಿಗಳಿರುತ್ತವೆ. ನಾಲ್ಕು ರೆಕ್ಕೆ ಕಂಡರೆ ಅದು ಪರಾವಲಂಬಿ ಕಣಜ. ಊಮೈಜಸ್ ಎಂಬ ಪುಟ್ಟ ಕಣಜ ಇದೇ ಕೋಶಗಳಲ್ಲಿ ಬೆಳೆದು, ದುಂಡನೆಯ ತೂತು ಕೊರೆದು ಹೊರಬರುತ್ತದೆ. ಖಾಲಿ ಕೋಶ ಎಸೆಯಬೇಡಿ, ಅದೂ ಸಾಕ್ಷಿಯೇ.

ನೊಣವೇ ಆಗಿದ್ದರೆ ಫೋರಿಡ್ ಕುಟುಂಬದ್ದಿರುವ ಸಾಧ್ಯತೆ ಜಾಸ್ತಿ. ಎರಡು ಮೂರು ಮಿಲಿಮೀಟರ್ ಉದ್ದ, ಗೂನು ಬೆನ್ನು, ದಪ್ಪನೆಯ ಹಿಂಗಾಲಿನ ತೊಡೆ. ಮುಟ್ಟಲು ಹೋದರೆ ಹಾರುವುದಕ್ಕಿಂತ ಓಡುವುದೇ ಹೆಚ್ಚು: ಸರ್ರನೆ ಓಡಿ, ತಟ್ಟನೆ ನಿಂತು, ಮತ್ತೆ ಓಟ. ಭೂತಗನ್ನಡಿಯಲ್ಲಿ ರೆಕ್ಕೆ ನೋಡಿ. ಮುಂದಿನ ಅಂಚಿನ ನರಗಳು ದಪ್ಪ, ರೆಕ್ಕೆಯ ತುದಿ ಮುಟ್ಟುವ ಮೊದಲೇ ಮುಗಿಯುತ್ತವೆ. ಉಳಿದ ಜಾಗದಲ್ಲಿ ನಾಲ್ಕಾರು ತೆಳು ಗೆರೆಗಳು ಓರೆಯಾಗಿ ಸಾಗುತ್ತವೆ, ಅವನ್ನು ಸೇರಿಸುವ ಅಡ್ಡಗೆರೆ ಇಲ್ಲ. ಇದೇ ನನಗೆ ಎಲ್ಲಕ್ಕಿಂತ ನಂಬಿಕೆಯ ಗುರುತು. ಮೈಮೇಲೆ ಬಿರುಸು ಕೂದಲಿರುವ ಟ್ಯಾಕಿನಿಡ್ ನೊಣಗಳೂ ಗುಲಗಂಜಿ ಹುಳುವನ್ನು ಕಾಡುತ್ತವೆ, ಆದರೆ ಅವು ಹೆಚ್ಚಾಗಿ ಹಿಡಿಯುವುದು ಬೆಳೆದ ಹುಳುವನ್ನು.

ಕೋಶಕ್ಕೆ ಬೀಳುವ ಫೋರಿಡ್‌ಗಳಲ್ಲಿ ಫ್ಯಾಲಕ್ರೋಟೊಫೊರಾ ಕುಲ ಮುಖ್ಯವಾದದ್ದು. ಯುರೋಪಿನಲ್ಲಿ ಫಾಸಿಯಾಟಾ, ಬೆರೊಲಿನೆನ್ಸಿಸ್ ಮುಂತಾದ ಪ್ರಭೇದಗಳಿವೆ. ಜಪಾನಿನಲ್ಲಿ ಹಾರ್ಮೋನಿಯಾ ಆಕ್ಸಿರಿಡಿಸ್ ಎಂಬ ಗುಲಗಂಜಿ ಹುಳುವಿನ ಮೇಲೆ ಫಿಲಾಕ್ಸಿರಿಡಿಸ್ ಇದೆ. ಇವುಗಳ ಹೊಂಚು ನೋಡಲೇಬೇಕು. ಗುಲಗಂಜಿಯ ಮರಿಹುಳು ಕೋಶವಾಗುವ ಮುನ್ನ ಬಾಲವನ್ನು ಎಲೆಗೆ ಅಂಟಿಸಿಕೊಂಡು, ಬೆನ್ನು ಬಾಗಿಸಿ ಅಲುಗಾಡದೆ ಕೂತಾಗ ಹೆಣ್ಣು ನೊಣ ಹಾಜರಾಗುತ್ತದೆ, ಮೊಟ್ಟೆಯನ್ನು ಹೊಟ್ಟೆಯ ಕಡೆ ಇಡುತ್ತದೆ. ಒಂದೇ ಕೋಶದಲ್ಲಿ ಹಲವು ಮರಿಗಳು ಬೆಳೆಯಬಹುದು. ತಿಂದು ಮುಗಿದ ಮೇಲೆ ಅವು ಹೊರಬಿದ್ದು ಮಣ್ಣಿಗೆ ಸೇರಿ ಅಲ್ಲಿ ಗಟ್ಟಿಯಾಗುತ್ತವೆ. ಆ ಗಟ್ಟಿ ಕವಚದ ಮೇಲೆ ಉಸಿರಾಟದ ಎರಡು ಕೊಂಬುಗಳು ಕಾಣುತ್ತವೆ. ಆದ್ದರಿಂದ ಡಬ್ಬಿಯ ತಳಕ್ಕೆ ಸ್ವಲ್ಪ ತೇವದ ಮಣ್ಣು ಹಾಕಿ.

ಒಂದು ಎಚ್ಚರ. ಡಬ್ಬಿಯಲ್ಲಿ ನೊಣ ಸಿಕ್ಕ ಮಾತ್ರಕ್ಕೆ ಅದು ಪರಾವಲಂಬಿ ಅಂತಲ್ಲ. ಮೆಗಾಸೆಲಿಯಾ ಸ್ಕೇಲಾರಿಸ್ ಕೂಡ ಫೋರಿಡ್ಡೇ, ಸತ್ತ ಹುಳುಗಳ ಮೇಲೂ ಸುಲಭವಾಗಿ ಬೆಳೆಯುತ್ತದೆ. ಕೋಶ ಮೊದಲೇ ಸತ್ತಿತ್ತೋ, ನೊಣದ ಮರಿಗಳಿಂದ ಸತ್ತಿತೋ? ಜೀವವಿರುವ ಕೋಶ ಮುಟ್ಟಿದರೆ ಥಟ್ಟನೆ ಮೇಲೇಳುತ್ತದೆ. ತಂದ ದಿನ ಅದು ಎದ್ದಿತ್ತಾ ಅಂತ ಬರೆದಿಡಿ. ಪ್ರತಿ ಕೋಶವನ್ನೂ ಬೇರೆ ಡಬ್ಬಿಯಲ್ಲಿ, ಬಿಗಿ ಮುಚ್ಚಳದೊಳಗೆ ಇಟ್ಟರೆ ಅರ್ಧ ಗೊಂದಲ ಕಡಿಮೆ.

ಪ್ರಭೇದದ ಹೆಸರು ಫೋಟೋದಿಂದ ಹೇಳುವುದು ಕಷ್ಟ. ತಜ್ಞರು ಸೂಕ್ಷ್ಮದರ್ಶಕದಲ್ಲಿ ಜನನಾಂಗ ನೋಡಬೇಕಾಗುತ್ತದೆ. ನೊಣಗಳನ್ನು ಒಣಗಿಸಿದರೆ ಮುದುಡಿಹೋಗುತ್ತವೆ. 70 ರಿಂದ 80 ಶೇಕಡಾ ಆಲ್ಕೋಹಾಲಿನಲ್ಲಿ ಹಾಕಿ. ಗಂಡು, ಹೆಣ್ಣು ಎರಡೂ ಇರಲಿ. ಜೊತೆಗೆ ಕೋಶ ಯಾವ ಗುಲಗಂಜಿ ಹುಳುವಿನದು, ಎಲ್ಲಿ, ಯಾವ ದಿನ ಸಿಕ್ಕಿತು, ನೊಣ ಯಾವಾಗ ಬಂತು ಅನ್ನುವ ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆದು ಸೀಸೆಯೊಳಗೇ ಹಾಕಿ. ಪೆನ್ನಿನ ಶಾಯಿ ಆಲ್ಕೋಹಾಲಿಗೆ ಕರಗಬಹುದು.