'ಆಲ್ದೋ' ಬಂದ ಮೇಲೆ 'ಬಟ್' ಯಾಕೆ ಬೇಡ?

"ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್, ಸೋ ಐ ಆಮ್ ನಾಟ್ ಏಬಲ್ ಟು ಅಟೆಂಡ್ ದಿ ಕ್ಲಾಸ್." ರಜೆ ಚೀಟಿಯಲ್ಲಿ ಇಂಥ ಸಾಲನ್ನು ಒಮ್ಮೆಯೂ ಬರೆಯದೆ ಶಾಲೆ ಮುಗಿಸಿದವರು ನಮ್ಮಲ್ಲಿ ಕಡಿಮೆ. ಪದಗಳೆಲ್ಲ ಸರಿ ಇವೆ, ಸ್ಪೆಲಿಂಗೂ ಸರಿ ಇರುತ್ತದೆ. ತಪ್ಪು ಇರುವುದು ಒಂದೇ ಕಡೆ. 'ಆಸ್' ಹಾಕಿದ ಮೇಲೆ 'ಸೋ' ಬೇಕಿಲ್ಲ. 'ಸೋ' ಬೇಕೇ ಬೇಕು ಅಂದರೆ 'ಆಸ್' ಬಿಡಬೇಕು.

ಕನ್ನಡ ಮೀಡಿಯಂನಲ್ಲಿ ಓದಿ ಡಿಗ್ರಿಗೆ ಬಂದವರಿಗೆ, ಕೆಲಸಕ್ಕೆ ಸೇರಿದ ಮೇಲೆ ಇಂಗ್ಲಿಷ್ ಸರಿ ಮಾಡಿಕೊಳ್ಳಲು ಬರುವವರಿಗೆ ನಾನು ಪಾಠ ಮಾಡುತ್ತೇನೆ. ಅವರೆಲ್ಲ ಟೆನ್ಸ್ ಬಗ್ಗೆ ಹೆದರುತ್ತಾರೆ. ನನಗೆ ಅದಕ್ಕಿಂತ ಜಾಸ್ತಿ ಚಿಂತೆ ಕಂಜಂಕ್ಷನ್‌ಗಳದ್ದು, ಅಂದರೆ 'ಆಸ್', 'ಸೋ', 'ಬಟ್' ಥರ ಎರಡು ಮಾತನ್ನು ಸೇರಿಸುವ ಪದಗಳದ್ದು. ಟೆನ್ಸ್ ಸ್ವಲ್ಪ ಆಚೀಚೆಯಾದರೂ ಓದುವವರು ಹೇಗೋ ಅರ್ಥ ಮಾಡಿಕೊಳ್ಳುತ್ತಾರೆ. ಕಂಜಂಕ್ಷನ್ ತಪ್ಪಿದರೆ ಯಾವುದರಿಂದ ಯಾವುದಾಯಿತು ಅನ್ನುವುದೇ ತಿರುವುಮುರುವಾಗುತ್ತದೆ. ಇದು ಹುಡುಗರ ಅಸಡ್ಡೆಯಿಂದ ಆಗುವುದಲ್ಲ. ಎರಡು ಮಾತನ್ನು ಸೇರಿಸುವ ಕೊಂಡಿಯನ್ನು ಕನ್ನಡ ಒಂದು ಕಡೆ ಇಡುತ್ತದೆ, ಇಂಗ್ಲಿಷ್ ಇನ್ನೊಂದು ಕಡೆ ಇಡುತ್ತದೆ. ಇದನ್ನು ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ಕನ್ನಡದ ಕೊಂಡಿ ಎಲ್ಲಿದೆ ಅಂತ ಮೊದಲು ನೋಡೋಣ. ಬಂದು, ಬಂದರೆ, ಬಂದರೂ, ಬಂದಾಗ, ಬಂದ ಕೂಡಲೇ, ಬರುವ ತನಕ, ಬಂದಿದ್ದರಿಂದ. ಎಲ್ಲ ಕಡೆ ಕೊಂಡಿ ಕ್ರಿಯಾಪದದ ಹಿಂದೆಯೇ ಅಂಟಿಕೊಂಡಿದೆ. ಶಾಲೆಯ ವ್ಯಾಕರಣದಲ್ಲಿ ಮತ್ತು, ಅಥವಾ, ಆದರೂ, ಆದ್ದರಿಂದ ಇವನ್ನೆಲ್ಲ ಸಂಬಂಧಾರ್ಥಕಾವ್ಯಯ ಅಂತ ಓದಿದ್ದೇವೆ. ಆದರೆ ಮಾತಾಡುವಾಗ ಅವುಗಳ ಬಳಕೆ ಅಷ್ಟಕ್ಕಷ್ಟೇ. ಹೆಚ್ಚಿನ ಕೆಲಸವನ್ನು ಕ್ರಿಯಾಪದದ ಬಾಲವೇ ಮಾಡಿ ಮುಗಿಸುತ್ತದೆ. ಇಂಗ್ಲಿಷಿನಲ್ಲಿ ಕ್ರಿಯಾಪದಕ್ಕೆ ಅಂಥ ಬಾಲ ಇಲ್ಲ. ಅಲ್ಲಿ ಕೊಂಡಿ ಒಂದು ಬೇರೆ ಪದ, ಅದು ತಾನು ಜೋಡಿಸುವ ಮಾತಿನ ಮುಂದೆ ನಿಲ್ಲುತ್ತದೆ.

ಈಗ 'ಆಲ್ದೋ' ವಿಷಯಕ್ಕೆ ಬರೋಣ. ನಮ್ಮ ಹುಡುಗರು ಪದಪಟ್ಟಿಯಲ್ಲಿ 'ಆಲ್ದೋ ಅಂದರೆ ಆದರೂ' ಅಂತ ಬಾಯಿಪಾಠ ಮಾಡಿರುತ್ತಾರೆ. ಎಡವುವುದು ಅಲ್ಲೇ. "ಮಳೆ ಬರುತ್ತಿತ್ತು, ಆದರೂ ಹೋದೆವು" ಅನ್ನುವಾಗ 'ಆದರೂ' ಎಲ್ಲಿದೆ? ಎರಡನೇ ಮಾತಿನ ಮುಂದೆ. ಅದನ್ನು ಹಾಗೇ ಇಂಗ್ಲಿಷಿಗೆ ತಂದು "ಇಟ್ ವಾಸ್ ರೇನಿಂಗ್, ಆಲ್ದೋ ವಿ ವೆಂಟ್" ಅಂತ ಬರೆಯುತ್ತಾರೆ. ಇಂಗ್ಲಿಷ್ ಬಲ್ಲವರ ಕಿವಿಗೆ ಅದು "ನಾವು ಹೋದರೂ ಮಳೆ ಬರುತ್ತಿತ್ತು" ಅಂತ ಕೇಳಿಸುತ್ತದೆ. ಮಳೆ ನಮಗಾಗಿ ನಿಲ್ಲಬೇಕಿತ್ತು ಅನ್ನುವ ಹಾಗೆ!

'ಆಲ್ದೋ'ಗೆ ಸರಿಯಾದ ಜೋಡಿ 'ಆದರೂ' ಅಲ್ಲ, 'ಬರುತ್ತಿದ್ದರೂ' ಅನ್ನುವಾಗ ಕೊನೆಗೆ ಬರುವ ಆ 'ರೂ'. "ಮಳೆ ಬರುತ್ತಿದ್ದರೂ ನಾವು ಹೋದೆವು." ಇಲ್ಲಿ 'ರೂ' ಮಳೆಯ ಮಾತಿಗೆ ಅಂಟಿದೆ, ಹೋಗುವ ಮಾತಿಗಲ್ಲ. ಹಾಗಾಗಿ 'ಆಲ್ದೋ' ಕೂಡ ಮಳೆಯ ಮಾತಿನ ಮುಂದೆಯೇ ಬರಬೇಕು: "ಆಲ್ದೋ ಇಟ್ ವಾಸ್ ರೇನಿಂಗ್, ವಿ ವೆಂಟ್." ಬೇಕಿದ್ದರೆ ಹಿಂದುಮುಂದು ಮಾಡಿ, "ವಿ ವೆಂಟ್ ಆಲ್ದೋ ಇಟ್ ವಾಸ್ ರೇನಿಂಗ್" ಅನ್ನಿ. ಅದೂ ಸರಿ. ವಾಕ್ಯ ಎಲ್ಲಿಗೇ ಹೋಗಲಿ, 'ಆಲ್ದೋ' ಮಳೆಯ ಕೈ ಬಿಡಬಾರದು. ಇನ್ನು "ಮಳೆ ಬರುತ್ತಿದ್ದರೂ ಆದರೆ ನಾವು ಹೋದೆವು" ಅಂತ ಕನ್ನಡದಲ್ಲಿ ಯಾರಾದರೂ ಹೇಳುತ್ತಾರಾ? ಇಲ್ಲ ಅಲ್ವಾ? 'ರೂ' ಆಗಲೇ ಜೋಡಿಸಿಯಾಯಿತು. 'ಆಲ್ದೋ' ಜೊತೆ 'ಬಟ್' ಬೇಡ ಅನ್ನುವುದಕ್ಕೂ ಕಾರಣ ಅದೇ.

'ಬಿಕಾಸ್' ಕಥೆಯೂ ಹೀಗೇ. "ಬರಲಿಲ್ಲ, ಯಾಕೆಂದರೆ ಜ್ವರ ಇತ್ತು" ಅನ್ನುವುದನ್ನು "ಐ ಡಿಡ್ ನಾಟ್ ಕಮ್ ಬಿಕಾಸ್ ಐ ಹ್ಯಾಡ್ ಫೀವರ್" ಅಂತ ಎಲ್ಲರೂ ಸರಿಯಾಗಿ ಬರೆಯುತ್ತಾರೆ. ಎರಡೂ ಭಾಷೆಯಲ್ಲಿ ಕೊಂಡಿ ಒಂದೇ ಜಾಗದಲ್ಲಿದೆ. 'ಬಿಕಾಸ್' ಮೊದಲಿಗೆ ಬಂದ ಕೂಡಲೇ ಕೈ ತಪ್ಪುತ್ತದೆ. 'ಯಾಕೆಂದರೆ ಜ್ವರ ಇತ್ತು' ಅಂತ ಕನ್ನಡದಲ್ಲಿ ಮಾತು ಶುರು ಮಾಡಲು ಆಗುವುದಿಲ್ಲ. ಹಾಗೆ ಶುರು ಮಾಡಿದರೆ ಮಾತು ಅರ್ಧಕ್ಕೆ ನಿಂತ ಹಾಗೆ ಅನ್ನಿಸುತ್ತದೆ, ಅದನ್ನು ತುಂಬಲು ಮನಸ್ಸು ತಾನಾಗಿ 'ಆದ್ದರಿಂದ' ಸೇರಿಸುತ್ತದೆ. ಆ 'ಆದ್ದರಿಂದ'ವೇ 'ಸೋ' ಆಗಿ ರಜೆ ಚೀಟಿಗೆ ಬರುವುದು. ಮೊದಲಿಗೆ ಬರುವ 'ಬಿಕಾಸ್' ಮತ್ತು 'ಆಸ್' ಎರಡನ್ನೂ 'ಜ್ವರ ಇದ್ದದ್ದರಿಂದ' ಅಂತ ಓದಿಕೊಳ್ಳಿ. ಆಮೇಲೆ 'ಸೋ' ಹಾಕಲು ಮನಸ್ಸೇ ಬರುವುದಿಲ್ಲ. 'ಬಿಕಾಸ್ ಆಫ್' ಬೇರೆ. ಅದರ ನಂತರ ನಾಮಪದ ಮಾತ್ರ ಬರಬೇಕು, ಪೂರ್ತಿ ವಾಕ್ಯ ಬರಬಾರದು. "ಬಿಕಾಸ್ ಆಫ್ ಫೀವರ್" ಸರಿ, "ಬಿಕಾಸ್ ಆಫ್ ಐ ಹ್ಯಾಡ್ ಫೀವರ್" ತಪ್ಪು.

ಒಂದು ಪ್ರಶ್ನೆ ತರಗತಿಯಲ್ಲಿ ಬಂದೇ ಬರುತ್ತದೆ: "ಹಾಗಾದರೆ 'ಇಫ್' ಜೊತೆ 'ದೆನ್' ಯಾಕೆ ಸರಿ, ಮೇಡಂ?" ಒಳ್ಳೆಯ ಪ್ರಶ್ನೆ. 'ದೆನ್' ಕಂಜಂಕ್ಷನ್ ಅಲ್ಲ, ಸುಮ್ನೆ 'ಆಗ' ಅನ್ನುವ ಪದ. "ನೀನು ಬಂದರೆ ಆಗ ನೋಡೋಣ" ಅಂತ ನಾವೂ ಹೇಳುತ್ತೇವಲ್ಲ, ಹಾಗೆ. ಹಳೆಯ ಇಂಗ್ಲಿಷಿನಲ್ಲಿ 'ದೋ' ಜೊತೆ 'ಯೆಟ್' ಬರುವುದೂ ಇದೇ ಲೆಕ್ಕ. 'ಬಟ್'ಗೆ ಆ ಸ್ವಾತಂತ್ರ್ಯ ಇಲ್ಲ.

'ವೆನ್' ಮತ್ತು 'ಇಫ್' ವಿಷಯದಲ್ಲಿ ಕನ್ನಡಿಗರಿಗೆ ಒಂದು ಅನುಕೂಲ ಇದೆ, ಅದನ್ನು ನಾವು ಬಳಸಿಕೊಳ್ಳುವುದೇ ಇಲ್ಲ. "ನಾಳೆ ಊರು ತಲುಪಿದಾಗ ಫೋನ್ ಮಾಡ್ತೀನಿ" ಅನ್ನುತ್ತೇವೆ. ನಾಳೆಯ ಮಾತಾದರೂ 'ತಲುಪುವಾಗ' ಅನ್ನಲ್ಲ, ನಡೆದುಹೋದ ಕೆಲಸಕ್ಕೆ ಬಳಸುವ 'ತಲುಪಿದ' ರೂಪವನ್ನೇ ಹಾಕುತ್ತೇವೆ. "ಮಳೆ ಬಂದರೆ" ಕೂಡ ಹಾಗೇ. ಅಂದರೆ ಇಂಥ ಕಡೆ, ಕೊಂಡಿ ಇರುವ ಮಾತಿನಲ್ಲಿ ಕನ್ನಡ ಭವಿಷ್ಯವನ್ನು ಹೇಳುವುದಿಲ್ಲ. ಇಂಗ್ಲಿಷೂ ಅಲ್ಲಿ ಹೇಳುವುದಿಲ್ಲ. "ವೆನ್ ಐ ರೀಚ್, ಐ ವಿಲ್ ಕಾಲ್ ಯೂ." "ಇಫ್ ಇಟ್ ರೇನ್ಸ್, ವಿ ವಿಲ್ ಸ್ಟೇ." 'ವೆನ್ ಐ ವಿಲ್ ರೀಚ್' ಅಂತ ಬರೆಯುವವರು ಕನ್ನಡ ಅಡ್ಡ ಬಂದು ತಪ್ಪು ಮಾಡುವುದಲ್ಲ, ನಾಳೆಯ ಮಾತಿಗೆಲ್ಲ 'ವಿಲ್' ಹಾಕಬೇಕು ಅನ್ನುವ ಶಾಲೆಯ ನಿಯಮವನ್ನು ಅತಿಯಾಗಿ ನಂಬಿ ತಪ್ಪು ಮಾಡುವುದು. ಇನ್ನು 'ಅನ್‌ಲೆಸ್' ಅಂದರೆ 'ಓದದಿದ್ದರೆ' ಅನ್ನುವ ಹಾಗೆ. 'ಇಲ್ಲ' ಅದರ ಹೊಟ್ಟೆಯೊಳಗೇ ಇದೆ. 'ಅನ್‌ಲೆಸ್ ಯೂ ಡೋಂಟ್ ಸ್ಟಡಿ' ಅಂದರೆ ಅರ್ಥ ತಲೆಕೆಳಗಾಗುತ್ತದೆ.

ಕನ್ನಡದ ಸರಪಳಿ ವಾಕ್ಯ ನನಗೆ ತುಂಬಾ ಇಷ್ಟ. "ಬೆಳಗ್ಗೆ ಎದ್ದು, ಸ್ನಾನ ಮಾಡಿ, ತಿಂಡಿ ತಿಂದು, ಬಸ್ ಹಿಡಿದು ಆಫೀಸಿಗೆ ಬಂದೆ." ಇಡೀ ಬೆಳಗ್ಗೆಗೆ ಒಂದು 'ಮತ್ತು' ಕೂಡ ಬೇಕಾಗಲಿಲ್ಲ. ಇದನ್ನು ಇಂಗ್ಲಿಷಿಗೆ ತರುವಾಗ ಹುಡುಗರು ಪ್ರತಿ ಕೆಲಸದ ಮುಂದೆಯೂ 'ಆ್ಯಂಡ್' ಹಾಕುತ್ತಾರೆ, ಇಲ್ಲವೇ ಎಲ್ಲವನ್ನೂ 'ಆಫ್ಟರ್ ಗೆಟಿಂಗ್, ಆಫ್ಟರ್ ಬಾತಿಂಗ್' ಮಾಡುತ್ತಾರೆ. ಇಂಗ್ಲಿಷಿಗೆ ಒಂದೇ 'ಆ್ಯಂಡ್' ಸಾಕು, ಕೊನೆಯದರ ಮುಂಚೆ. ನಮ್ಮ ಸಂವಿಧಾನದ ಪೀಠಿಕೆಯ ಇಂಗ್ಲಿಷ್ ಪಾಠ ತೆಗೆದು ನೋಡಿ. "ಲಿಬರ್ಟಿ ಆಫ್ ಥಾಟ್, ಎಕ್ಸ್‌ಪ್ರೆಶನ್, ಬಿಲೀಫ್, ಫೇತ್ ಆ್ಯಂಡ್ ವರ್ಶಿಪ್." ಐದು ಸ್ವಾತಂತ್ರ್ಯಕ್ಕೆ ಒಂದು 'ಆ್ಯಂಡ್'. ಅಲ್ಲೇ ಕೆಳಗೆ "ದಿ ಡಿಗ್ನಿಟಿ ಆಫ್ ದಿ ಇಂಡಿವಿಜುಯಲ್ ಆ್ಯಂಡ್ ದಿ ಯೂನಿಟಿ ಆ್ಯಂಡ್ ಇಂಟೆಗ್ರಿಟಿ ಆಫ್ ದಿ ನೇಶನ್" ಅಂತ ಇದೆ. 'ಆ್ಯಂಡ್ ಇಂಟೆಗ್ರಿಟಿ' ಸೇರಿದ್ದು 1976ರ 42ನೇ ತಿದ್ದುಪಡಿಯಲ್ಲಿ. ಮೊದಲ 'ಆ್ಯಂಡ್' ವ್ಯಕ್ತಿಯ ಘನತೆಯನ್ನು ರಾಷ್ಟ್ರದ ಮಾತಿನ ಜೊತೆ ಸೇರಿಸುತ್ತದೆ. ಎರಡನೆಯದು ರಾಷ್ಟ್ರದ ಏಕತೆ ಮತ್ತು ಅಖಂಡತೆಯನ್ನು ಮಾತ್ರ ಕಟ್ಟುತ್ತದೆ. 'ಯೂನಿಟಿ' ಮುಂದೆ ಇರುವ 'ದಿ' ಇದನ್ನು ತೋರಿಸಿಕೊಡುತ್ತದೆ. ಹೊಸ ಕಟ್ಟು ಶುರುವಾಗುವುದು ಅಲ್ಲಿಂದ. 'ಇಂಟೆಗ್ರಿಟಿ' ಅದೇ ಕಟ್ಟಿನೊಳಗೆ ಇರುವುದರಿಂದ ಅದಕ್ಕೆ ಬೇರೆ 'ದಿ' ಇಲ್ಲ.

ಸರಪಳಿಯ ಇನ್ನೊಂದು ತೊಡಕು: "ಮನೆಗೆ ಬಂದ ಮೇಲೆ ಮಳೆ ಶುರುವಾಯಿತು." ಕನ್ನಡದಲ್ಲಿ ಯಾರಿಗೂ ಗೊಂದಲ ಇಲ್ಲ. "ಆಫ್ಟರ್ ರೀಚಿಂಗ್ ಹೋಮ್, ದಿ ರೇನ್ ಸ್ಟಾರ್ಟೆಡ್" ಅಂದರೆ ಮನೆ ತಲುಪಿದ್ದು ಮಳೆ ಅಂತಾಗುತ್ತದೆ. ಯಾರು ತಲುಪಿದರು ಅಂತ ಹೇಳಿಬಿಡಿ: "ಆಫ್ಟರ್ ಐ ರೀಚ್ಡ್ ಹೋಮ್." ಅಷ್ಟೇ.

'ಆ್ಯಂಡ್' ಮತ್ತು 'ಆರ್' ಸುಲಭ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. 'ಇಲ್ಲ' ಬಂದಾಗ ಅವು ಸುಲಭ ಅಲ್ಲ. "ನಾನು ಕಾಫೀನೂ ಕುಡಿಯಲ್ಲ, ಟೀನೂ ಕುಡಿಯಲ್ಲ" ಅನ್ನುವ ನಮಗೆ ಆ 'ಊ' ಕಿವಿಯಲ್ಲಿ ಇರುತ್ತದೆ, 'ಊ' ಅಂದರೆ 'ಆ್ಯಂಡ್' ಅಂತ "ಐ ಡೋಂಟ್ ಡ್ರಿಂಕ್ ಕಾಫಿ ಆ್ಯಂಡ್ ಟೀ" ಅಂತ ಬರೆಯುತ್ತೇವೆ. ಎರಡೂ ಬೇಡ ಅನ್ನುವಾಗ ಇಂಗ್ಲಿಷಿಗೆ ಬೇಕಾದದ್ದು 'ಆರ್'. ವ್ಯತ್ಯಾಸ ಗೊತ್ತಾಗಲು ಊಟದ ಮಾತೇ ಸಾಕು. ಮೀನಿನ ಜೊತೆ ಮೊಸರು ತಿನ್ನಬಾರದು ಅಂತ ನಮ್ಮ ಕಡೆ ಹಿರಿಯರು ಹೇಳುತ್ತಾರೆ. ಒಟ್ಟಿಗೆ ತಿನ್ನಲ್ಲ ಅನ್ನುವವರು "ಐ ಡೋಂಟ್ ಈಟ್ ಫಿಶ್ ಆ್ಯಂಡ್ ಕರ್ಡ್ ಟುಗೆದರ್" ಅನ್ನಬಹುದು. ಮೀನೂ ಬೇಡ, ಮೊಸರೂ ಬೇಡ ಅನ್ನುವವರು "ಫಿಶ್ ಆರ್ ಕರ್ಡ್" ಅನ್ನಬೇಕು.

ಇದು ಪರೀಕ್ಷೆಯ ಅಂಕದ ವಿಷಯ ಮಾತ್ರ ಅಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ಪಲ್ಸಿಫರ್ ಪ್ರಕರಣದಲ್ಲಿ ಇದೇ ಪ್ರಶ್ನೆಯನ್ನು ತೀರ್ಮಾನಿಸಬೇಕಾಯಿತು. ಮಾದಕವಸ್ತು ಪ್ರಕರಣಗಳಲ್ಲಿ ಕಡ್ಡಾಯ ಕನಿಷ್ಠ ಶಿಕ್ಷೆಯಿಂದ ಕೆಲವರಿಗೆ ವಿನಾಯಿತಿ ಕೊಡುವ ನಿಯಮವನ್ನು ಅಲ್ಲಿ 2018ರ ಕಾನೂನು ವಿಸ್ತರಿಸಿತ್ತು. ಅದರ ಒಂದು ಷರತ್ತು ಹೀಗಿತ್ತು: ಆರೋಪಿಗೆ ಹಿಂದಿನ ಅಪರಾಧಗಳ ಲೆಕ್ಕದಲ್ಲಿ 'ಎ, ಬಿ, ಆ್ಯಂಡ್ ಸಿ' (ಮೂರು ಬಗೆಯ ಹಳೆಯ ದಾಖಲೆ) ಇರಬಾರದು. ಆರೋಪಿ ಪಲ್ಸಿಫರ್‌ಗೆ ಎ ಮತ್ತು ಬಿ ಇದ್ದವು, ಸಿ ಇರಲಿಲ್ಲ. ಮೂರೂ ಒಟ್ಟಿಗೆ ಇದ್ದರೆ ಮಾತ್ರ ವಿನಾಯಿತಿ ತಪ್ಪುತ್ತದೆ, 'ಆ್ಯಂಡ್' ಅಂದರೆ 'ಆ್ಯಂಡ್' ಅಂತ ಅವರ ಕಡೆಯ ವಾದ. ಒಂದಿದ್ದರೂ ಸಾಕು, ವಿನಾಯಿತಿ ಇಲ್ಲ ಅಂತ ಸರ್ಕಾರದ ವಾದ. ಆರು ನ್ಯಾಯಮೂರ್ತಿಗಳು ಸರ್ಕಾರದ ಓದನ್ನು ಒಪ್ಪಿದರು, ಮೂವರು ಒಪ್ಪಲಿಲ್ಲ. ಬಹುಮತದ ತೀರ್ಪು ಬರೆದದ್ದು ಎಲೆನಾ ಕೇಗನ್, ಭಿನ್ನಮತ ಬರೆದದ್ದು ನೀಲ್ ಗೋರ್ಸಚ್. ಇಂಗ್ಲಿಷಿನಲ್ಲೇ ತೀರ್ಪು ಬರೆಯುವ ಒಂಬತ್ತು ಜನರಿಗೆ ಒಂದು 'ಆ್ಯಂಡ್' ಬಗ್ಗೆ ಒಮ್ಮತ ಆಗಲಿಲ್ಲ. ಹೀಗಿರುವಾಗ ನಮ್ಮ ಹುಡುಗರು ಇಲ್ಲಿ ತಡವರಿಸಿದರೆ ಅವರನ್ನು ಬೈಯಬಾರದು, ಕೂರಿಸಿ ಹೇಳಿಕೊಡಬೇಕು. ಕರಾರು, ನೋಟಿಸ್, ನಿಯಮ ಬರೆಯುವವರಂತೂ 'ಇವುಗಳಲ್ಲಿ ಯಾವುದೂ ಇರಬಾರದು' ಅಥವಾ 'ಮೂರೂ ಒಟ್ಟಿಗೆ ಇರಬಾರದು' ಅಂತ ಬಿಡಿಸಿ ಬರೆಯುವುದು ಒಳ್ಳೆಯದು.

ಪರೀಕ್ಷೆಗಳ ಬಗ್ಗೆ ನನಗೊಂದು ತಕರಾರಿದೆ. ಪಿಯುಸಿಯಲ್ಲಿ ಲಿಂಕರ್ಸ್ ಅಂತ ಬಿಟ್ಟ ಸ್ಥಳ ತುಂಬಿಸುತ್ತಾರೆ, ಒಳ್ಳೆಯ ಅಭ್ಯಾಸ ಅದು. ಆದರೆ ಗೈಡುಗಳು 'ನೋ ಸೂನರ್... ದ್ಯಾನ್', 'ಹಾರ್ಡ್ಲಿ... ವೆನ್' ಮೇಲೆ ಪುಟಗಟ್ಟಲೆ ಖರ್ಚು ಮಾಡುತ್ತವೆ. ಇವತ್ತಿನ ಇಂಗ್ಲಿಷಿನಲ್ಲಿ 'ಆಸ್ ಸೂನ್ ಆಸ್' ಬಂದರೆ ಸಾಕು. 'ಆಲ್ದೋ' ಸರಿಯಾಗಿ ಇಡಲು ಬಾರದ ಹುಡುಗನಿಗೆ 'ನೋ ಸೂನರ್ ಹ್ಯಾಡ್ ದಿ ಬೆಲ್ ರಂಗ್' ಬಾಯಿಪಾಠ ಮಾಡಿಸುವುದು ಅನ್ಯಾಯ. 'ಆ್ಯಂಡ್', 'ಬಟ್'ಗಳಿಂದ ವಾಕ್ಯ ಶುರು ಮಾಡಬಾರದು ಅನ್ನುವ ನಿಯಮವನ್ನೂ ಬಿಟ್ಟುಬಿಡಿ. 1611ರ ಇಂಗ್ಲಿಷ್ ಬೈಬಲ್‌ನ ಮೊದಲ ಅಧ್ಯಾಯದಲ್ಲಿ ಹೆಚ್ಚುಕಡಿಮೆ ಎಲ್ಲ ವಚನಗಳೂ 'ಆ್ಯಂಡ್'ನಿಂದಲೇ ಶುರುವಾಗುತ್ತವೆ. ಆಫೀಸ್ ಮೇಲ್ ಬರೆಯುವವರು ಅದರ ಬದಲು 'ಹೌವೆವರ್' ಕಡೆ ಗಮನ ಕೊಡಿ. ಅದು 'ಬಟ್' ಥರ ಎರಡು ವಾಕ್ಯವನ್ನು ಕಟ್ಟುವುದಿಲ್ಲ. ಅದರ ಮುಂಚೆ ಕಾಮಾ ಸಾಲದು, ಫುಲ್‌ಸ್ಟಾಪ್ ಅಥವಾ ಸೆಮಿಕೋಲನ್ ಬೇಕು.

ಕೊನೆಯದು 'ದಟ್' ಮತ್ತು 'ವೆದರ್'. "ಅವನು ಬರ್ತಾನೋ ಇಲ್ಲವೋ ಗೊತ್ತಿಲ್ಲ" ಅನ್ನುವಾಗ ಆ 'ಓ'ಗಳ ಕೆಲಸ ಮಾಡುವುದು 'ವೆದರ್': "ಐ ಡೋಂಟ್ ನೋ ವೆದರ್ ಹಿ ವಿಲ್ ಕಮ್." ಅದನ್ನು ಬಿಟ್ಟು 'ಐ ಡೋಂಟ್ ನೋ ಹಿ ವಿಲ್ ಕಮ್ ಆರ್ ನಾಟ್' ಅಂದರೆ ವಾಕ್ಯಕ್ಕೆ ಕೊಂಡಿಯೇ ಇಲ್ಲದ ಹಾಗಾಗುತ್ತದೆ. 'ದಟ್' ನಮ್ಮ 'ಅಂತ'. 'ಅಂತ' ಹೇಳಿದ ಮಾತಿನ ಹಿಂದೆ ಬರುತ್ತದೆ, 'ದಟ್' ಮುಂದೆ ಬರುತ್ತದೆ. ಇದು ಬೇಗ ರೂಢಿಯಾಗುತ್ತದೆ. ತೊಂದರೆ ಇರುವುದು 'ನಾನು' ಎಂಬಲ್ಲಿ. "ನಾನು ಹುಬ್ಬಳ್ಳಿಗೆ ಹೋಗ್ತೀನಿ ಅಂತ ಮ್ಯಾನೇಜರ್ ಹೇಳಿದ್ರು." ಹೋಗುವವರು ಮ್ಯಾನೇಜರ್, ಕನ್ನಡದಲ್ಲಿ ಅನುಮಾನವೇ ಇಲ್ಲ. ಅವರ ಬಾಯಿಮಾತನ್ನು 'ಅಂತ' ಹಾಗೇ ಹಿಡಿದಿಡುತ್ತದೆ. 'ದಟ್' ಹಿಡಿದಿಡುವುದಿಲ್ಲ. "ದಿ ಮ್ಯಾನೇಜರ್ ಸೆಡ್ ದಟ್ ಐ ವುಡ್ ಗೋ ಟು ಹುಬ್ಬಳ್ಳಿ" ಅಂತ ಮೇಲ್ ಕಳಿಸಿದರೆ ಟಿಕೆಟ್ ಬುಕ್ ಆಗುವುದು ಕಳಿಸಿದವರ ಹೆಸರಿಗೆ. 'ಐ' ಜಾಗಕ್ಕೆ 'ಹಿ' ಅಥವಾ 'ಶಿ' ಬರಬೇಕು. ಮೇಲ್‌ನಲ್ಲಿ ಮೂರು ನಾಲ್ಕು ಜನರ ಮಾತಿದ್ದರೆ 'ಹಿ', 'ಶಿ' ಕೂಡ ಬೇಡ. 'ದಟ್' ಆದ ಕೂಡಲೇ ಹೋಗುವವರ ಹೆಸರನ್ನೇ ಬರೆದುಬಿಡಿ.