ವೀರಗಲ್ಲಿನ ಕೆಳಗೆ ನಿಧಿ ಇರುತ್ತದಾ?

ಪ್ರಶ್ನೆ: ನಮ್ಮೂರ ಕೆರೆ ಏರಿ ಮೇಲೆ ಒಂದು ಹಳೆಯ ಕಲ್ಲಿದೆ. ಮೇಲೆ ಸೂರ್ಯ ಚಂದ್ರ, ಕೆಳಗೆ ಕತ್ತಿ ಹಿಡಿದು ಹೊಡೆದಾಡುವವರು. ಅದರ ಕೆಳಗೆ ನಿಧಿ ಇದೆ ಅಂತಾರೆ. ನಿಜಾನಾ?

ಉತ್ತರ: ಇಲ್ಲ.

ಊರಿನ ಇತಿಹಾಸದ ಬಗ್ಗೆ ದೊಡ್ಡವರಿಗೆ ಪಾಠ ಹೇಳಲು ನಾನು ಎಲ್ಲಿಗೆ ಹೋದರೂ ಈ ಪ್ರಶ್ನೆ ನನಗಿಂತ ಮುಂಚೆ ಹೋಗಿ ಕೂತಿರುತ್ತದೆ. ಪಂಚಾಯಿತಿ ಗ್ರಂಥಾಲಯವಾಗಲಿ, ದೇವಸ್ಥಾನದ ಜಗುಲಿಯಾಗಲಿ, ಸ್ತ್ರೀಶಕ್ತಿ ಸಂಘದ ಸಭೆಯಾಗಲಿ, ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. ಈ ಸಲ ಬಿಡಿಸಿ ಬರೆದುಬಿಡುತ್ತೇನೆ.

ನೀವು ಹೇಳಿದ್ದು ವೀರಗಲ್ಲು, ಅಂದರೆ ಹೋರಾಡಿ ಸತ್ತವನ ನೆನಪಿಗೆ ನೆಟ್ಟ ಕಲ್ಲು. ಅದನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು. ಕೆಳಗಿನ ಪಟ್ಟಿಯಲ್ಲಿ ಕಾಳಗ. ಅಲ್ಲಿ ದನ ಕೆತ್ತಿದ್ದರೆ ಅದು ಹೆಚ್ಚಾಗಿ ತುರುಗೋಳು, ಅಂದರೆ ಊರ ದನ ಹೊಡೆದುಕೊಂಡು ಹೋಗಲು ಬಂದವರ ಜೊತೆಗಿನ ಜಗಳ. ನಡುವಿನ ಪಟ್ಟಿಯಲ್ಲಿ ಸತ್ತವನನ್ನು ಅಪ್ಸರೆಯರು ಮೇಲಕ್ಕೆ ಕರೆದೊಯ್ಯುತ್ತಾರೆ. ಮೇಲಿನದರಲ್ಲಿ ಅವನು ಲಿಂಗದ ಮುಂದೆ ಕೈ ಮುಗಿದು ಕೂತಿರುತ್ತಾನೆ. ಕತೆ ಅಷ್ಟೇ.

ಸೂರ್ಯ ಚಂದ್ರ ನಿಧಿಯ ಗುರುತು ಅನ್ನುತ್ತಾರಲ್ಲ, ಅದು ಪೂರ್ತಿ ಸುಳ್ಳು. ಸೂರ್ಯ ಚಂದ್ರ ಇರುವಷ್ಟು ಕಾಲ ಈ ಹೆಸರು ಉಳಿಯಲಿ ಅಂತ ಅದನ್ನು ಕೆತ್ತಿದ್ದು. ಹೊಲದ ನಡುವೆ ವಾಮನ, ಲಿಂಗ ಅಥವಾ ಮುಕ್ಕೊಡೆ (ಒಂದರ ಮೇಲೊಂದು ಮೂರು ಕೊಡೆ) ಕೆತ್ತಿದ ಕಲ್ಲು ಸಿಕ್ಕರೂ ಇದೇ ಮಾತು ಹುಟ್ಟುತ್ತದೆ. ಅವು ದಾನ ಕೊಟ್ಟ ಜಮೀನಿನ ಗಡಿಕಲ್ಲುಗಳು. ವಾಮನ ಇದ್ದರೆ ಬ್ರಾಹ್ಮಣರಿಗೆ ಬಿಟ್ಟ ಭೂಮಿ, ಲಿಂಗ ಇದ್ದರೆ ಶಿವನ ಗುಡಿಗೆ, ಮುಕ್ಕೊಡೆ ಇದ್ದರೆ ಜೈನರ ಬಸದಿಗೆ.

‘ಹಾಗಾದ್ರೆ ಶಾಪ ಯಾಕೆ ಬರೆದಿದ್ದಾರೆ?’ ಅಂತ ಮುಂದಿನ ಪ್ರಶ್ನೆ. ಶಾಪ ಇರುವುದು ನಿಜ. ಕೊಟ್ಟಿದ್ದನ್ನು ಕಿತ್ತುಕೊಂಡವನು 60,000 ವರ್ಷ ಹೇಸಿಗೆಯಲ್ಲಿ ಹುಳವಾಗಿ ಹುಟ್ಟುತ್ತಾನೆ ಅನ್ನುವ ಶ್ಲೋಕ ನಮ್ಮ ನೂರಾರು ಶಾಸನಗಳ ಕೊನೆಯಲ್ಲಿದೆ. ಆದರೆ ಶಾಪ ಕಾಯುತ್ತಿರುವುದು ಹೊಲವನ್ನು, ಹೊನ್ನನ್ನಲ್ಲ. ಹೋರಾಡಿ ಸತ್ತವನ ಮನೆಯವರಿಗೆ ಊರು ಭೂಮಿ ಕೊಡುತ್ತಿತ್ತು. ನೆತ್ತರುಗೊಡಗೆ ಅಂತಿದ್ದರು. ಆ ಭೂಮಿಯನ್ನು ಇನ್ನೊಬ್ಬ ನುಂಗಬಾರದು ಅಂತಲೇ ಕಲ್ಲಿನ ಮೇಲೆ ಬರೆಸಿ ಎಲ್ಲರೂ ಓಡಾಡುವ ಜಾಗದಲ್ಲಿ ನಿಲ್ಲಿಸಿದ್ದು. ಸ್ವಲ್ಪ ಯೋಚನೆ ಮಾಡಿ: ಚಿನ್ನ ಬಚ್ಚಿಡುವವನು ಕೆರೆ ಏರಿ ಮೇಲೆ, ಆಳೆತ್ತರದ ಕಲ್ಲು ನೆಟ್ಟು, ಊರಿಗೆಲ್ಲ ತೋರಿಸಿ ಬಚ್ಚಿಡುತ್ತಾನಾ?

ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲನ್ನೇ ನೋಡಿ. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗ ವಂಶದ ರಾಜ ಬೂತುಗನ ಕಡೆಯ ಮಣಲೆರ ಅನ್ನುವವನು ಚೋಳರ ವಿರುದ್ಧದ ತಕ್ಕೋಲದ ಯುದ್ಧದಲ್ಲಿ ಚೆನ್ನಾಗಿ ಕಾದಿದ. ರಾಜ ಮೆಚ್ಚಿ ‘ಏನು ಬೇಕು ಕೇಳು’ ಅಂದಾಗ ಅವನು ಕೇಳಿದ್ದು ಕಾಳಿ ಅನ್ನುವ ಬೇಟೆನಾಯಿಯನ್ನು. ಆ ನಾಯಿ ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ಮಣಲೆರ ನಾಯಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟ. ಪೂಜೆ ಮಾಡದೆ ಉಂಡ ಪೂಜಾರಿಗೆ ನಾಯಿಯ ಪಾಪ ಬರುತ್ತದೆ ಅಂತಲೂ ಬರೆಸಿದ. ಸಾವಿರ ವರ್ಷದ ಹಿಂದೆ ಒಬ್ಬ ತನ್ನ ನಾಯಿಯನ್ನು ಎಷ್ಟು ಹಚ್ಚಿಕೊಂಡಿದ್ದ ಅನ್ನುವುದು ನಮಗೆ ಗೊತ್ತಾಗಿದ್ದು ಈ ಒಂದು ಕಲ್ಲಿನಿಂದ. ಯಾರಾದರೂ ಇದನ್ನೂ ನಿಧಿ ಅಂತ ಒಡೆದುಹಾಕಿದ್ದರೆ?

ಒಡೆದ ಕಲ್ಲುಗಳನ್ನು ನಾನು ನೋಡಿದ್ದೇನೆ. ಅಮಾವಾಸ್ಯೆ ರಾತ್ರಿ ಅಗೆದು, ನಿಂಬೆಹಣ್ಣು ಕುಂಕುಮ ಚೆಲ್ಲಿ ಹೋಗಿರುತ್ತಾರೆ. ಗುಂಡಿಯಲ್ಲಿ ಬರೀ ಮಣ್ಣು. ಕಲ್ಲು ಮಾತ್ರ ಎರಡು ಹೋಳು, ಅದೂ ಅಕ್ಷರ ಇರುವ ಕಡೆಯೇ. ಹೊಟ್ಟೆ ಉರಿಯುತ್ತದೆ.

‘ಆ ಅಕ್ಷರ ನಾವೇ ಓದಬಹುದಾ?’ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಕೇಳದಿದ್ದರೂ ಹೇಳುತ್ತೇನೆ: ಖಂಡಿತ ಓದಬಹುದು. ಹೊಯ್ಸಳರ ಕಾಲದ ಕಲ್ಲಿನಿಂದ ಶುರು ಮಾಡಿ. ಅಕ್ಷರ ದುಂಡಗೆ, ಈಗಿನ ಕನ್ನಡಕ್ಕೆ ಹತ್ತಿರ. ಮೊದಲು ‘ಸ್ವಸ್ತಿ ಶ್ರೀ’ ಹುಡುಕಿ. ಅದು ಸಿಕ್ಕರೆ ಸ್ವ, ಸ್ತಿ, ಶ್ರೀ ಕಣ್ಣಿಗೆ ಕೂತವು. ಆಮೇಲೆ ‘ಶಕ ವರ್ಷ’. ಅದರ ಮುಂದಿನ ಸಂಖ್ಯೆಗೆ 78 ಕೂಡಿಸಿದರೆ ಹೆಚ್ಚುಕಡಿಮೆ ಇಂಗ್ಲಿಷ್ ವರ್ಷ ಸಿಗುತ್ತದೆ. ಆತಕೂರಿನದು ಶಕ 872, ಅಂದರೆ 949-50ರ ಸುಮಾರು.

ನಡುಮಧ್ಯಾಹ್ನ ಹೋಗಬೇಡಿ, ಏನೂ ಕಾಣುವುದಿಲ್ಲ. ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲಲ್ಲಿ ಹೋಗಿ. ಇಲ್ಲವೇ ಕತ್ತಲಾದ ಮೇಲೆ ಪಕ್ಕದಿಂದ ಟಾರ್ಚ್ ಬಿಟ್ಟು ಫೋಟೊ ತೆಗೆಯಿರಿ, ಸವೆದ ಗೆರೆಯೂ ಎದ್ದು ಕಾಣುತ್ತದೆ. ಎಣ್ಣೆ, ಪೇಂಟ್, ಸಿಮೆಂಟ್ ಯಾವುದನ್ನೂ ಹಚ್ಚಬೇಡಿ. ಕಲ್ಲು ಕೊಳೆಯಾಗಿದ್ದರೆ ಬರೀ ನೀರು ಮತ್ತು ಮೆತ್ತನೆ ಬ್ರಷ್ ಸಾಕು.